ನೇತ್ರಾವತಿ ಸೇತುವೆಯಿಂದ ಸುಲ್ತಾನ್ ಬತ್ತೇರಿವರೆಗೆ ನೀರಿನ ಬದಿಯಲ್ಲೇ ನಡೆದು ಹೋಗಬಹುದಾ?

ಜೆಪ್ಪುವಿಗೆ ಹೊಸಬಳು

ಎಲ್ಲರಿಗೂ ನಮಸ್ಕಾರ. ನಾನು ಮಲೆನಾಡಿನ ಸಾಗರ ಊರಿನವಳು. ಮದುವೆಯಾಗಿ ಮಂಗಳೂರಿಗೆ ಬಂದು 3 ವರ್ಷ ಆಯಿತು, ಮನೆ ಜೆಪ್ಪುವಿನಲ್ಲಿ. ಇಷ್ಟು ದಿನ ನೀರು ನೋಡಬೇಕು ಅನಿಸಿದರೆ ಸ್ಕೂಟರ್ ಹತ್ತಿ ಪಣಂಬೂರಿಗೋ ಸೋಮೇಶ್ವರಕ್ಕೋ ಹೋಗಿ ಬರುತ್ತಿದ್ದೆವು. ಮೊನ್ನೆ ಮಹಡಿ ಮೇಲೆ ಬಟ್ಟೆ ಒಣಹಾಕುವಾಗ ತೆಂಗಿನ ಮರಗಳ ಸಂದಿಯಲ್ಲಿ ಏನೋ ಫಳಫಳ ಅಂದ ಹಾಗಾಯಿತು. ನೋಡಿದರೆ ಹೊಳೆ. ಮನೆಯಿಂದ ಕಾಲುಗಂಟೆ ದೂರದಲ್ಲಿ ಇಷ್ಟು ದೊಡ್ಡ ನೇತ್ರಾವತಿ ಇದೆ, ನಾನು ಒಂದು ದಿನವೂ ಅದರ ದಂಡೆಗೆ ಇಳಿದಿಲ್ಲ! ಮನಸ್ಸಿಗೆ ಒಂಥರಾ ಆಯಿತು.

ಮರುದಿನ ಬೆಳಿಗ್ಗೆಯೇ ಹೋದೆ. ರೈಲು ಸೇತುವೆಯಿಂದ ಬೋಳಾರದ ಕಡೆಗೆ ಸ್ಮಾರ್ಟ್ ಸಿಟಿ ಯೋಜನೆಯಲ್ಲಿ ನಡೆಯುವ ದಾರಿ ಮಾಡುತ್ತಿದ್ದಾರಲ್ಲ, ಅಲ್ಲಿ. ನೆಲ ಸಮ ಇದೆ, ಒಂದು ಕಡೆ ನೀರು, ಗಾಳಿ ತಂಪು. ನಾನು ನಡೆಯುತ್ತಿರುವಾಗಲೇ ಒಂದು ರೈಲು ಸೇತುವೆ ದಾಟಿತು, ಕಾಲಡಿಯಲ್ಲಿ ಸಣ್ಣಗೆ ನಡುಗಿದ ಹಾಗೆ ಅನಿಸಿತು. ಸ್ವಲ್ಪ ಮುಂದೆ ಹೋದ ಮೇಲೆ ಕೆಲಸ ಮುಗಿಯದ ಜಾಗ ಬಂತು, ತಗಡು ಅಡ್ಡ ಇಟ್ಟಿದ್ದರು, ವಾಪಸ್ ಬಂದೆ. ಆದರೆ ಮನಸ್ಸು ವಾಪಸ್ ಬಂದಿಲ್ಲ.

ಮ್ಯಾಪ್ ನೋಡಿದರೆ ಹೊಳೆ ಬೋಳಾರ, ಹೊಯ್ಗೆ ಬಜಾರ್ ದಾಟಿ ಬಂದರಿಗೆ ಹೋಗುತ್ತದೆ. ಅಲ್ಲಿ ಬಡಗು ಕಡೆಯಿಂದ ಇನ್ನೊಂದು ಹೊಳೆ ಬಂದು ಸೇರುತ್ತದೆ. ಆ ಹೊಳೆಯ ಬದಿಯಲ್ಲೇ ಮೇಲಕ್ಕೆ ಹೋದರೆ ಟಿಪ್ಪು ಕಾಲದ ಕಾವಲು ಕಟ್ಟೆ ಸುಲ್ತಾನ್ ಬತ್ತೇರಿ. ಇಷ್ಟನ್ನೂ ನೀರು ಕಣ್ಣಿಗೆ ಬೀಳುವ ಹಾಗೆ ನಡೆದು ಮುಗಿಸಬಹುದಾ? ಯಾರಾದರೂ ನಡೆದಿದ್ದೀರಾ? ಎಷ್ಟು ಹೊತ್ತು ಬೇಕು? ಹೆಂಗಸು ಒಬ್ಬಳೇ ಹೋದರೆ ತೊಂದರೆ ಇಲ್ಲ ತಾನೇ?

ಬೋಳಾರದ ಹಳಬ

ತಂಗಿ, ನಿಮ್ಮ ಪ್ರಶ್ನೆ ಓದಿ ಖುಷಿಯಾಯಿತು. ನಾನು ಹುಟ್ಟಿ ಬೆಳೆದದ್ದೇ ಆ ದಂಡೆಯಲ್ಲಿ. ನೇರ ಉತ್ತರ ಹೇಳಿಬಿಡುತ್ತೇನೆ: ಪೂರ್ತಿ ನೀರಿನ ಬದಿಯಲ್ಲೇ ಆಗುವುದಿಲ್ಲ. ಬೋಳಾರದಿಂದ ಬಂದರಿನವರೆಗೆ ಹೊಳೆ ಬದಿಯಲ್ಲಿ ಖಾಸಗಿ ಜಾಗ, ಹಳೆ ಹೆಂಚಿನ ಕಾರ್ಖಾನೆಗಳ ಜಾಗ, ದೋಣಿ ಕಟ್ಟುವ ಜಾಗ, ಗೋದಾಮು, ಹೀಗೆ ಉಂಟು. ಒಳರಸ್ತೆಗೆ ಬಂದು ಮತ್ತೆ ಸಿಕ್ಕ ಸಂದಿಯಲ್ಲಿ ನೀರಿಗೆ ಇಳಿಯಬೇಕು. ಆದರೆ ಅದು ತೊಂದರೆ ಅಂತ ತಿಳಿಯಬೇಡಿ. ಆ ಒಳರಸ್ತೆಗಳೇ ನೋಡುವಂಥವು.

ನಿಮ್ಮ ಜೆಪ್ಪುವಿನಲ್ಲೇ 1865ರಲ್ಲಿ ಬಾಸೆಲ್ ಮಿಶನ್‌ನವರು ಹೆಂಚಿನ ಕಾರ್ಖಾನೆ ಶುರು ಮಾಡಿದ್ದು, ಪ್ಲೆಬ್ಸ್ಟ್ ಅನ್ನುವ ಜರ್ಮನ್ ಮಿಶನರಿ. ಆಮೇಲೆ ಎರಡೂ ಹೊಳೆಗಳ ದಂಡೆಯಲ್ಲಿ ಒಂದರ ಹಿಂದೆ ಒಂದು ಕಾರ್ಖಾನೆ ಬಂದವು. ಯಾಕೆ ಹೊಳೆ ಬದಿ ಅಂದರೆ ಆವೆ ಮಣ್ಣು ದೋಣಿಯಲ್ಲಿ ಬರುತ್ತಿತ್ತು, ಸುಡಲು ಸೌದೆ ದೋಣಿಯಲ್ಲಿ ಬರುತ್ತಿತ್ತು, ಸುಟ್ಟ ಹೆಂಚು ದೋಣಿಯಲ್ಲೇ ಹೋಗುತ್ತಿತ್ತು. ನನ್ನ ಅಪ್ಪ ಕಾರ್ಖಾನೆಯಲ್ಲಿ ಅಚ್ಚು ಒತ್ತುವ ಮಿಷಿನಿನ ಹತ್ತಿರ ಇದ್ದವರು. ಒತ್ತಿದ ಹಸಿ ಹೆಂಚನ್ನು ಬಿಸಿಲಿಗೆ ಇಡುವ ಹಾಗಿಲ್ಲ, ಬಿರುಕು ಬಿಡುತ್ತದೆ. ನೆರಳಿನಲ್ಲಿ ಮರದ ಅಟ್ಟಳಿಗೆ ಮೇಲೆ ಸಾಲಾಗಿ ಇಟ್ಟು ಗಾಳಿಗೆ ಒಣಗಿಸಬೇಕು, ಆಮೇಲೆ ಗೂಡಿಗೆ. ಆ ಗಾಳಿ ಕೊಡುತ್ತಿದ್ದದ್ದೂ ಇದೇ ಹೊಳೆ.

ನೀವು ಇಳಿತದ ಹೊತ್ತಿಗೆ ದಂಡೆಗೆ ಹೋಗಿ. ಕೆಸರಿನಲ್ಲಿ ಕೆಂಪು ಚೂರುಗಳು ಕಾಣುತ್ತವೆ. ಒಡೆದ ಹೆಂಚು. ಒಂದೊಂದರ ಮೇಲೆ ಅರ್ಧ ಅಕ್ಷರ ಇನ್ನೂ ಎದ್ದು ನಿಂತಿರುತ್ತದೆ.

ಬೆಂಗ್ರೆ ಕಡವು

ಅಕ್ಕ, ಹಳಬರು ಹೇಳಿದ್ದು ಸರಿ. ನಾನು ಬೆಂಗ್ರೆಯವನು, ದಿನಾ ಫೆರಿಯಲ್ಲಿ ಬಂದರಿಗೆ ಬಂದು ಕೆಲಸಕ್ಕೆ ಹೋಗುವವನು. ನಿಮಗೆ ಒಂದು ಉಪಾಯ ಹೇಳುತ್ತೇನೆ.

ಬಂದರಿನಿಂದ ಸುಲ್ತಾನ್ ಬತ್ತೇರಿಗೆ ಊರಿನ ಬದಿಯಲ್ಲಿ ನಡೆದರೆ ಕುದ್ರೋಳಿ, ಬೊಕ್ಕಪಟ್ಣ, ಬೋಳೂರು, ರಸ್ತೆಯೇ ಜಾಸ್ತಿ, ಹೊಳೆ ಅಲ್ಲಲ್ಲಿ ಮಾತ್ರ ಕಾಣುತ್ತದೆ. ಹಾಗೆ ಮಾಡಬೇಡಿ. ಬಂದರಿನಲ್ಲಿ ಫೆರಿ ಹತ್ತಿ ನಮ್ಮ ಬೆಂಗ್ರೆಗೆ ಬನ್ನಿ. ಬೆಂಗ್ರೆ ಅಂದರೆ ಉದ್ದಕ್ಕೆ ಒಂದು ಮರಳಿನ ಪಟ್ಟಿ. ಒಂದು ಪಕ್ಕ ಗುರುಪುರ ಹೊಳೆ, ಫಲ್ಗುಣಿ ಅಂತಲೂ ಹೇಳುತ್ತಾರೆ. ಇನ್ನೊಂದು ಪಕ್ಕ ಅರಬ್ಬಿ ಸಮುದ್ರ. ಅಲ್ಲಿಂದ ಬಡಗಿಗೆ ನಡೆದರೆ ತಣ್ಣೀರುಬಾವಿ. ಸುಮಾರು 4 ಕಿಲೋಮೀಟರ್. ಹೋಗುವಾಗ ಸ್ವಲ್ಪ ದೂರ ಸಮುದ್ರದ ಬದಿ, ಸ್ವಲ್ಪ ದೂರ ಹೊಳೆ ಬದಿ, ನಿಮಗೆ ಬೇಕಾದ ಹಾಗೆ. ತಣ್ಣೀರುಬಾವಿಯಲ್ಲಿ ಮತ್ತೆ ದೋಣಿ ಹತ್ತಿದರೆ ಸೀದಾ ಸುಲ್ತಾನ್ ಬತ್ತೇರಿ ಬುಡಕ್ಕೇ ಇಳಿಸುತ್ತಾರೆ. ಇಡೀ ದಾರಿ ನೀರು ಕಣ್ಣು ತಪ್ಪುವುದಿಲ್ಲ.

ಮಳೆಗಾಲದಲ್ಲಿ ಬೇಡ. ಗಾಳಿ ಜೋರಿದ್ದರೆ ದೋಣಿ ಬಿಡುವುದಿಲ್ಲ, ಸಮುದ್ರ ಬದಿಯಲ್ಲಿ ಅಲೆಯು ಗಾಳಿಮರದ, ಅಂದರೆ ಸರ್ವೆ ಮರದ, ಬುಡದವರೆಗೂ ಬರುತ್ತದೆ.

ಜೆಪ್ಪುವಿಗೆ ಹೊಸಬಳು

ಅಣ್ಣಾ, ಇದು ನನ್ನ ತಲೆಗೆ ಹೊಳೆದೇ ಇರಲಿಲ್ಲ! ದಾರಿ ಅಂದರೆ ನೆಲದ ಮೇಲೆ ಮಾತ್ರ ಅಂತ ಅಂದುಕೊಂಡಿದ್ದೆ. ಒಂದು ಸಂಶಯ. ಹಳಬರು "ಇಳಿತದ ಹೊತ್ತಿಗೆ" ಅಂದರಲ್ಲ, ಅದು ಯಾವ ಹೊತ್ತು ಅಂತ ಗೊತ್ತಾಗುವುದು ಹೇಗೆ? ನಮ್ಮ ಊರಿನ ಹೊಳೆ ಒಂದೇ ಕಡೆಗೆ ಹರಿಯುತ್ತದೆ.

ಬೆಂಗ್ರೆ ಕಡವು

ಇಲ್ಲಿಯ ಹೊಳೆ ಎರಡು ಕಡೆಗೂ ಹರಿಯುತ್ತದೆ ಅಕ್ಕ. ಸಮುದ್ರ ಏರುವಾಗ ನೀರು ಅಳಿವೆಯಿಂದ, ಅಂದರೆ ಹೊಳೆ ಸಮುದ್ರ ಸೇರುವ ಬಾಯಿಂದ, ಒಳಗೆ ಬರುತ್ತದೆ, ಅದಕ್ಕೆ ಭರತ ಅನ್ನುತ್ತೇವೆ. ಇಳಿಯುವಾಗ ಹೊರಗೆ ಹೋಗುತ್ತದೆ, ಇಳಿತ. ಏರಲು ಸುಮಾರು 6 ಗಂಟೆ, ಇಳಿಯಲು ಸುಮಾರು 6 ಗಂಟೆ. ದಿನಕ್ಕೆ ಎರಡು ಸಲ ಭರತ, ಎರಡು ಸಲ ಇಳಿತ. ಇವತ್ತು ಬೆಳಿಗ್ಗೆ 6ಕ್ಕೆ ಪೂರ್ತಿ ಇಳಿದಿದ್ದರೆ ನಾಳೆ 7ಕ್ಕೆ ಹತ್ತಿರ ಹತ್ತಿರ. ದಿನಕ್ಕೆ ಸುಮಾರು 50 ನಿಮಿಷ ಹಿಂದೆ ಬೀಳುತ್ತದೆ, ಚಂದ್ರ ಏಳುವ ಹೊತ್ತು ಹಿಂದೆ ಬೀಳುತ್ತದಲ್ಲ, ಹಾಗೆಯೇ. ಅಮಾವಾಸ್ಯೆ ಮತ್ತು ಹುಣ್ಣಿಮೆಯ ಆಚೀಚೆ ಏರಿಳಿತ ಜಾಸ್ತಿ, ಅಷ್ಟಮಿ ನವಮಿ ಹೊತ್ತಿಗೆ ಕಡಿಮೆ. ನಮ್ಮಲ್ಲಿ ಜಾಸ್ತಿ ಅಂದರೂ ಒಂದು ಮೀಟರಿಗಿಂತ ಸ್ವಲ್ಪ ಮೇಲೆ, ಗುಜರಾತಿನ ಕಡೆಯಷ್ಟು ಇಲ್ಲ. ಆದರೆ ದಂಡೆ ಇಳಿಜಾರು ಇಲ್ಲದ ಕಡೆ ಅಷ್ಟಕ್ಕೇ ನೀರು ಎಷ್ಟೋ ದೂರ ಹಿಂದೆ ಸರಿಯುತ್ತದೆ.

ಮೊಬೈಲಿನಲ್ಲಿ ಭರತ ಇಳಿತದ ಪಟ್ಟಿ ಸಿಗುತ್ತದೆ. ಅದಿಲ್ಲದಿದ್ದರೆ ಕಟ್ಟಿ ಹಾಕಿದ ದೋಣಿ ನೋಡಿ. ಮೂತಿ ಅಳಿವೆ ಕಡೆಗೆ ತಿರುಗಿದ್ದರೆ ನೀರು ಒಳಗೆ ಬರುತ್ತಾ ಉಂಟು. ಊರಿನ ಕಡೆಗೆ ತಿರುಗಿದ್ದರೆ ಹೊರಗೆ ಹೋಗುತ್ತಾ ಉಂಟು.

ಕುದ್ರು ನೋಡುವವಳು

ಈ ದೋಣಿ ಮೂತಿಯ ಮಾತು ನಾನು ಬರೆದಿಟ್ಟುಕೊಂಡೆ.

ಕಾಂಡ್ಲ ಗಿಡ

ನಡಿಗೆ ದಾರಿಯ ಬಗ್ಗೆ ನನಗೆ ಒಂದು ಬೇಸರ ಇದೆ, ಹೇಳಿಬಿಡುತ್ತೇನೆ. ದಯವಿಟ್ಟು ಯಾರೂ ತಪ್ಪು ತಿಳಿಯಬೇಡಿ. ಹೊಳೆ ದಂಡೆ ಅಂದರೆ ಕಲ್ಲು ಕಟ್ಟಿ, ಮೇಲೆ ಕಾಂಕ್ರೀಟ್ ಹಾಕಿ, ಕಂಬಿ ನಿಲ್ಲಿಸಿ, ಲೈಟ್ ಹಾಕುವ ಜಾಗ ಅಂತ ಆಗಿಬಿಟ್ಟಿದೆ. ನಮ್ಮ ಹೊಳೆಯ ನಿಜವಾದ ದಂಡೆ ಕಾಂಡ್ಲ ಗಿಡ, ಇಂಗ್ಲಿಷಿನಲ್ಲಿ ಮ್ಯಾಂಗ್ರೋವ್ ಅನ್ನುತ್ತಾರಲ್ಲ, ಅದು. ಒಮ್ಮೆ ಇಳಿತದಲ್ಲಿ ಹತ್ತಿರ ಕೂತು ನೋಡಿ. ಕೆಲವು ಜಾತಿಯದ್ದಕ್ಕೆ ಕೊಡೆ ಕಡ್ಡಿಗಳ ಹಾಗೆ ಬೇರು ಮೇಲಿನಿಂದಲೇ ಕೆಸರಿಗೆ ಇಳಿದಿರುತ್ತದೆ. ಕೆಲವಕ್ಕೆ ಕೆಸರಿನಿಂದ ಪೆನ್ಸಿಲ್ ಗಾತ್ರದ ಬೇರುಗಳು ಮೇಲಕ್ಕೆ ಎದ್ದು ನಿಂತಿರುತ್ತವೆ, ಕೆಸರಿನೊಳಗೆ ಗಾಳಿ ಇಲ್ಲವಲ್ಲ, ಉಸಿರಾಡಲು ಅವು. ಉದ್ದ ಹಸಿರು ಕೋಡಿನ ಹಾಗೆ ನೇತಾಡುವುದು ಕಾಯಿ ಅಲ್ಲ, ಬೀಜ ಮರದಲ್ಲೇ ಮೊಳೆತು ಸಸಿಯಾಗಿದೆ. ಬಿದ್ದರೆ ಕೆಸರಿಗೆ ಚುಚ್ಚಿಕೊಂಡು ಅಲ್ಲೇ ಬೇರು ಬಿಡುತ್ತದೆ, ಇಲ್ಲದಿದ್ದರೆ ನೀರಿನಲ್ಲಿ ತೇಲಿ ಬೇರೆ ದಂಡೆಗೆ ಹೋಗುತ್ತದೆ. ಸಣ್ಣ ಮೀನು, ಸಿಗಡಿ, ಏಡಿಯ ಮರಿಗಳೆಲ್ಲ ಬೆಳೆಯುವುದು ಆ ಬೇರುಗಳ ನಡುವೆ. ಮಳೆಗಾಲದಲ್ಲಿ ದಂಡೆ ಕೊರೆಯದ ಹಾಗೆ ಹಿಡಿದಿಡುವುದೂ ಅದೇ.

ಕರಾವಳಿ ನಿಯಂತ್ರಣ ವಲಯದ ನಿಯಮ 1991ರಿಂದ ಇದೆ. ಅದರಲ್ಲಿ ಕಾಂಡ್ಲ ಇರುವ ಜಾಗಕ್ಕೆ ಎಲ್ಲಕ್ಕಿಂತ ಜಾಸ್ತಿ ರಕ್ಷಣೆ. ಭರತ ಇಳಿತ ಇರುವ ಹೊಳೆಯ ದಂಡೆಗೂ ಅದು ಅನ್ವಯ ಆಗುತ್ತದೆ, ಸಮುದ್ರಕ್ಕೆ ಮಾತ್ರ ಅಲ್ಲ. ಇದು ತುಂಬ ಜನರಿಗೆ ಗೊತ್ತಿಲ್ಲ. ನಡೆಯುವ ದಾರಿ ಬೇಡ ಅಂತ ನಾನು ಹೇಳುತ್ತಿಲ್ಲ. ಗಿಡ ಇರುವ ಕಡೆ ದಾರಿ ಹಿಂದೆ ಸರಿಯಲಿ, ಅಥವಾ ಕಂಬದ ಮೇಲೆ ಮರದ ಹಲಗೆಯ ದಾರಿ ಮಾಡಲಿ, ನೀರು ಕೆಳಗೆ ಹೋಗಿ ಬರಲಿ.

ಮಾರ್ಗನ್ಸ್‌ಗೇಟ್ ನಿವಾಸಿ

ನಿಮ್ಮ ಮಾತಿನಲ್ಲಿ ಅರ್ಥ ಇದೆ. ಆದರೆ ಇನ್ನೊಂದು ಬದಿಯೂ ಹೇಳಬೇಕು. ಈ ದಾರಿ ಬರುವ ಮೊದಲು ಆ ದಂಡೆಗೆ ಯಾರು ಹೋಗುತ್ತಿದ್ದರು? ಕಸ ಎಸೆಯುವವರು, ಕುಡಿದು ಬಾಟಲಿ ಒಡೆಯುವವರು. ನಮ್ಮ ಮನೆಯ ಹೆಣ್ಣುಮಕ್ಕಳು ಆ ಕಡೆ ಮುಖ ಹಾಕುತ್ತಿರಲಿಲ್ಲ. ಈಗ ಬೆಳಿಗ್ಗೆ 6ಕ್ಕೆ ಹೋದರೆ ಅಜ್ಜಂದಿರು, ಸೀರೆ ಉಟ್ಟು ಶೂ ಹಾಕಿದ ಅಮ್ಮಂದಿರು, ಮಕ್ಕಳು ಎಲ್ಲ ಇರುತ್ತಾರೆ. ಜನ ನೋಡದ ಹೊಳೆಯ ಬಗ್ಗೆ ಜನ ಮಾತಾಡುವುದಿಲ್ಲ. ಈ ಅಕ್ಕ ಇವತ್ತು ಇಲ್ಲಿ ಪ್ರಶ್ನೆ ಕೇಳಿದ್ದು ಆ ದಾರಿ ಇದ್ದದ್ದರಿಂದ ತಾನೇ?

ಕಾಂಡ್ಲ ಗಿಡ

ಒಪ್ಪಿದೆ. ಅದು ನನಗೂ ಕಂಡಿದೆ. ಬಂದ ಜನಕ್ಕೆ ಗಿಡವನ್ನೂ ತೋರಿಸಿದರೆ ಸಾಕು ನನಗೆ.

ಕೈಕೋಲು ಅಮ್ಮನ ಮಗಳು

ಎಲ್ಲರೂ ಒಳ್ಳೆ ವಿಷಯ ಹೇಳುತ್ತಿದ್ದೀರಿ. ನನ್ನದು ಸಣ್ಣ ಪ್ರಶ್ನೆ. ನನ್ನ ಅಮ್ಮನಿಗೆ 71, ಮೊಣಕಾಲು ನೋವು, ಕೋಲು ಹಿಡಿದು ನಡೆಯುತ್ತಾರೆ. ಮೊದಲು ಅವರು ಹೊಯ್ಗೆ ಬಜಾರಿನಲ್ಲೇ ಇದ್ದವರು, ಹೊಳೆ ನೋಡಬೇಕು ಅಂತ ಯಾವಾಗಲೂ ಹೇಳುತ್ತಾರೆ. ಮೆಟ್ಟಿಲು ಎಷ್ಟಿದೆ, ಕೂರಲು ಜಾಗ ಇದೆಯಾ, ನೆರಳು ಇದೆಯಾ, ಇದನ್ನು ಯಾರಾದರೂ ನೋಡಿ ಹೇಳುತ್ತೀರಾ? ನಾವು ಒಮ್ಮೆ ಬೇರೆ ಒಂದು ಕಡೆ ಹೀಗೆಯೇ ಹೊಸ ಪಾರ್ಕಿಗೆ ಹೋಗಿ, ಬಾಗಿಲಲ್ಲಿ ಗಾಡಿ ಬರದಂತೆ ಹಾಕಿದ ಕಬ್ಬಿಣದ ಅಡ್ಡಗಳ ನಡುವೆ ಅಮ್ಮನಿಗೆ ದಾಟಲು ಆಗದೆ ವಾಪಸ್ ಬಂದೆವು. ಅವತ್ತು ಅಮ್ಮ ಏನೂ ಹೇಳಲಿಲ್ಲ, ರಿಕ್ಷಾದಲ್ಲಿ ಮನೆವರೆಗೂ ಹೊರಗೆ ನೋಡುತ್ತಾ ಕೂತಿದ್ದರು.

ಜೆಪ್ಪುವಿಗೆ ಹೊಸಬಳು

ನಾನು ನೋಡಿ ಹೇಳುತ್ತೇನೆ. ಈ ಭಾನುವಾರ ಹೋಗುತ್ತೇನೆ, ಖಂಡಿತ.

ಮಲ್ಪೆ ಗಾಳಿ

ಉಡುಪಿಯಿಂದ ಒಂದು ಮಾತು. ಅಮ್ಮನನ್ನು ಕರೆದುಕೊಂಡು ಬರುವವರಿಗೆ ನಮ್ಮ ಮಲ್ಪೆ ಸೀ ವಾಕ್ ಕೂಡ ಅನುಕೂಲ ಆಗಬಹುದು. 2018ರಲ್ಲಿ ಶುರುವಾದದ್ದು. ಸಮುದ್ರಕ್ಕೆ ಚಾಚಿದ ಕಲ್ಲಿನ ಕಟ್ಟೆಯ ಮೇಲೆ ದಾರಿ ಮಾಡಿದ್ದಾರೆ, ಒಂದು ಕಡೆ ಬಂದರಿಗೆ ಬರುವ ಬೋಟುಗಳು, ಇನ್ನೊಂದು ಕಡೆ ಬೀಚು. ಗಾಳಿ ಮಾತ್ರ ಜೋರು, ಸೆರಗು ಸಿಕ್ಕಿಸಿಕೊಳ್ಳಲು ಹೇಳಿ. ಸಂಜೆ ಬಿಸಿಲು ಇಳಿದ ಮೇಲೆ ಬನ್ನಿ.

ಆದರೆ ಮಂಗಳೂರಿನವರಿಗೆ ನಿಮ್ಮಲ್ಲೇ ಇರುವ ಎರಡು ಹೊಳೆ ಸೇರುವ ಜಾಗ ನೋಡುವ ಭಾಗ್ಯ ಇದೆ. ನಮಗೆ ಅದಕ್ಕೆ ಕೋಡಿಬೆಂಗ್ರೆಗೆ ಹೋಗಬೇಕು, ಅಲ್ಲಿ ಸುವರ್ಣಾ ಮತ್ತು ಸೀತಾ ನದಿ ಸೇರಿ ಸಮುದ್ರಕ್ಕೆ ಹೋಗುತ್ತವೆ. ಬೆಂಗ್ರೆ ಅನ್ನುವ ಹೆಸರು ಎರಡೂ ಕಡೆ ಇರುವುದು ನೋಡಿ, ಎರಡೂ ಅಳಿವೆ ಬದಿಯ ಮರಳಿನ ಪಟ್ಟಿಯೇ.

ಜೆಪ್ಪುವಿಗೆ ಹೊಸಬಳು

ಹೋಗಿ ಬಂದೆ. ಕಾಲು ನೋವಿದೆ, ಮನಸ್ಸು ತುಂಬಿದೆ. ಉದ್ದ ಬರೆಯುತ್ತೇನೆ, ಓದಿ.

ಪಟ್ಟಿ ನೋಡಿ ಹೊರಟೆ. ಬೆಳಿಗ್ಗೆ ಏಳರ ಹೊತ್ತಿಗೆ ಪೂರ್ತಿ ಇಳಿತ ಇತ್ತು. 6 ಗಂಟೆಗೆ ರೈಲು ಸೇತುವೆ ಹತ್ತಿರ ಇದ್ದೆ. ಗಂಡನೂ ಬರುತ್ತೇನೆ ಅಂದರು, ಇಬ್ಬರೂ ಹೋದೆವು. ಈ ಸೇತುವೆಯ ಕಡೆಯಿಂದಲೇ 1907ರಲ್ಲಿ ಮಂಗಳೂರಿಗೆ ಮೊದಲು ರೈಲು ಬಂದದ್ದು ಅಂತ ಅವರು ಹೇಳಿದರು. ಅದಕ್ಕೂ ಮೊದಲು ತೆಂಕಣ ಕಡೆಗೆ ಹೋಗುವವರೆಲ್ಲ ದೋಣಿಯಲ್ಲೇ ಹೊಳೆ ದಾಟಬೇಕಿತ್ತು, ಅಲ್ವಾ.

ಮೊದಲು ಕೈಕೋಲು ಅಮ್ಮನ ಮಗಳಿಗೆ. ಅಕ್ಕ, ಹೊಸ ದಾರಿಯ ಮುಗಿದ ಭಾಗದಲ್ಲಿ ನೆಲ ಸಮ ಇದೆ, ಕೋಲು ಜಾರುವುದಿಲ್ಲ. ಆದರೆ ಬೆಳಿಗ್ಗೆ ಇಬ್ಬನಿ ಬಿದ್ದಾಗ ಸ್ವಲ್ಪ ಒದ್ದೆ ಇರುತ್ತದೆ, ಅಮ್ಮನಿಗೆ ರಬ್ಬರ್ ತಳದ ಚಪ್ಪಲಿ ಹಾಕಿಸಿ. ಕೂರಲು ಜಾಗ ಇದೆ. ನೆರಳು ಇಲ್ಲ ಅಂತಲೇ ಹೇಳಬೇಕು, ಎಂಟೂವರೆ ಮೇಲೆ ಬಿಸಿಲು ನೆತ್ತಿಗೆ ಬರುತ್ತದೆ. ನಾನು ರಿಕ್ಷಾ ಎಲ್ಲಿವರೆಗೆ ಬರುತ್ತದೆ ಅಂತಲೂ ನೋಡಿದೆ, ದಾರಿಯ ಶುರುವಿನವರೆಗೆ ಬರುತ್ತದೆ. ಅಲ್ಲಿಂದ ಮೊದಲ ಕೂರುವ ಜಾಗಕ್ಕೆ ನನ್ನ ಹೆಜ್ಜೆಯಲ್ಲಿ 60 ಆಯಿತು. ಅಮ್ಮನ ಹೆಜ್ಜೆಯಲ್ಲಿ ನೂರು ಅಂತ ಇಟ್ಟುಕೊಳ್ಳಿ.

ಆಮೇಲೆ ಬೋಳಾರದ ಕಡೆಗೆ. ದಾರಿ ನಿಂತ ಕಡೆ ಒಳರಸ್ತೆ ಹಿಡಿದೆವು. ಮಂಗಳಾದೇವಿ ದೇವಸ್ಥಾನದ ಹತ್ತಿರ ಬಂದು, ಅಲ್ಲಿಯೇ ಚಾ ಕುಡಿದು ಬನ್ಸ್ ತಿಂದೆವು. ಮತ್ತೆ ಹೊಳೆ ಕಡೆಗೆ ಒಂದು ಓಣಿ ಕಾಣಿಸಿತು, ಇಳಿದೆವು. ಅಲ್ಲಿ ನೋಡಿದೆ ನಿಮ್ಮ ಕೆಂಪು ಚೂರುಗಳನ್ನು, ಹಳಬರೇ. ಕೆಸರಿನಲ್ಲಿ ಅರ್ಧ ಹುದುಗಿದ್ದ ಒಂದನ್ನು ತೆಗೆದು ನೀರಿನಲ್ಲಿ ತೊಳೆದೆ. ಅಂಗೈ ಅಗಲ. ಅಂಚು ನೀರು ಸವೆಸಿ ನುಣ್ಣಗೆ ಆಗಿದೆ, ಹಿಂಬದಿಯಲ್ಲಿ ಎರಡು ಅಕ್ಷರ ಉಳಿದಿದೆ, ಇಂಗ್ಲಿಷಿನ ಓ ಮತ್ತು ಆರ್. ಮ್ಯಾಂಗಲೋರ್ ಅನ್ನುವುದರ ತುಂಡು ಇರಬೇಕು ಅಂತ ಗಂಡ ಹೇಳಿದರು. ಬೆರಳಿನಿಂದ ಮುಟ್ಟಿದರೆ ಅಕ್ಷರ ಇನ್ನೂ ಚೂಪು. ಯಾರೋ ಅಚ್ಚು ಒತ್ತಿದವರು, ನಿಮ್ಮ ಅಪ್ಪನ ಹಾಗೆ. ಅದನ್ನು ಮನೆಗೆ ತರಲು ಮನಸ್ಸು ಬಂತು, ಆದರೆ ತರಲಿಲ್ಲ. ಅಲ್ಲಿಯೇ ಇಟ್ಟೆ.

ಕಾಂಡ್ಲ ಗಿಡವನ್ನೂ ನೋಡಿದೆ. ಕೂತು ನೋಡಿ ಅಂದಿರಲ್ಲ, ಕೂತೆ. ಮೊದಲು ಏನೂ ಕಾಣಲಿಲ್ಲ, ಬರೀ ಕೆಸರು. ಸುಮ್ನೆ ಐದು ನಿಮಿಷ ಅಲ್ಲಾಡದೆ ಇದ್ದ ಮೇಲೆ ಕೆಸರೇ ಅಲ್ಲಾಡಲು ಶುರುವಾಯಿತು! ನೂರಾರು ಸಣ್ಣ ಏಡಿಗಳು, ಒಂದು ಕೈ ದೊಡ್ಡದು, ಒಂದು ಕೈ ಸಣ್ಣದು, ದೊಡ್ಡ ಕೈಯನ್ನು ಕರೆದ ಹಾಗೆ ಆಡಿಸುತ್ತಾ ಬಿಲದಿಂದ ಹೊರಗೆ ಬಂದವು. ನಾನು ಕಾಲು ಸರಿಸಿದ ತಕ್ಷಣ ಎಲ್ಲ ಮಾಯ.

ಮೀನಿನ ಬೋಟು ನಿಲ್ಲುವ ಧಕ್ಕೆಗೆ ಬಂದಾಗ ಹೊತ್ತು ಎಂಟರ ಮೇಲೆ ಆಗಿತ್ತು. ಅಲ್ಲಿ ನಡೆಯುವುದಕ್ಕೆ ನಾವು ಬಂದಿದ್ದೇವೆ ಅಂತ ಯಾರೂ ದಾರಿ ಬಿಡುವುದಿಲ್ಲ, ಬಿಡಲೂ ಬಾರದು. ಅದು ಅವರು ದುಡಿಯುವ ಜಾಗ. ಐಸ್ ಪುಡಿ ಮಾಡುವ ಮಿಷಿನಿನ ಸದ್ದು, ಏಲಂ ಕೂಗು, ಬಂಗುಡೆ ಬೂತಾಯಿ ತುಂಬಿದ ಬುಟ್ಟಿ ಹೊತ್ತವರು "ಸೈಡ್ ಸೈಡ್" ಅನ್ನುತ್ತಾ ಓಡುವುದು. ನೆಲ ಮೀನಿನ ನೀರಿನಿಂದ ಜಾರುತ್ತದೆ. ಒಬ್ಬ ಅಮ್ಮ ನನ್ನ ಚಪ್ಪಲಿ ನೋಡಿ "ಬೆರಳು ಒತ್ತಿ ನಡೆ ಮಗಾ" ಅಂದರು. ಹಾಗೆಯೇ ನಡೆದೆ, ಜಾರಲಿಲ್ಲ. ಗೋಡೆ ಬದಿಗೆ ನಿಂತು ಹತ್ತು ನಿಮಿಷ ನೋಡಿ ಮುಂದೆ ಹೋದೆವು. ಆಚೆ ಹಳೆ ಬಂದರಿನಲ್ಲಿ ಲಕ್ಷದ್ವೀಪಕ್ಕೆ ಹೋಗುವ ಮಂಜಿಗೆ, ಅಂದರೆ ಸರಕು ಸಾಗಿಸುವ ಹಡಗಿಗೆ, ಸಾಮಾನು ತುಂಬಿಸುತ್ತಿದ್ದರು. ಜಲ್ಲಿ, ಸಿಮೆಂಟು, ತರಕಾರಿ, ಎರಡು ಮೂರು ಆಡು ಕೂಡ. ದೊಡ್ಡ ಹಡಗೆಲ್ಲ 1974ರ ಹೊತ್ತಿಗೆ ಪಣಂಬೂರಿನ ಹೊಸ ಬಂದರಿಗೆ ಹೋಯಿತು, ಹಳೆ ಬಂದರು ಮುಗಿಯಿತು ಅಂತ ನಾನು ತಿಳಿದಿದ್ದೆ. ಎಲ್ಲಿ ಮುಗಿದಿದೆ!

ಫೆರಿಯಲ್ಲಿ ಕೂತಾಗ ನೀರು ತಿರುಗಿತ್ತು. ಕಟ್ಟಿದ ದೋಣಿಗಳ ಮೂತಿ ನೋಡಿದೆ, ಎಲ್ಲವೂ ಅಳಿವೆ ಕಡೆಗೆ. ಭರತ! ಗಂಡನಿಗೆ ತೋರಿಸಿ ಹೇಳಿದೆ. ಪಕ್ಕದಲ್ಲಿದ್ದ ಶಾಲೆ ಹುಡುಗ ನಮ್ಮನ್ನು ನೋಡಿ ನಕ್ಕ, ಅವನಿಗೆ ಅದು ಹುಟ್ಟಿದಾಗಿನಿಂದ ಗೊತ್ತು.

ಬೆಂಗ್ರೆಯಿಂದ ನಡೆದದ್ದನ್ನು ಹೇಗೆ ಬರೆಯುವುದು ಗೊತ್ತಾಗುತ್ತಿಲ್ಲ. ಎಡಗಡೆ ಸಮುದ್ರದ ಸದ್ದು ಒಂದೇ ಸಮ ಇದೆ, ಬಲಗಡೆ ಹೊಳೆ ಸದ್ದೇ ಇಲ್ಲದೆ ಬರುತ್ತಿದೆ. ಮನೆಗಳ ಮುಂದೆ ಬಲೆ ಹರಡಿದ್ದರು. ಒಬ್ಬರು ಬಲೆಯ ಅಂಚನ್ನು ಕಾಲ ಹೆಬ್ಬೆರಳಿಗೆ ಸಿಕ್ಕಿಸಿ ಎಳೆದು ಹಿಡಿದುಕೊಂಡು, ಹರಿದ ಕಣ್ಣನ್ನು ಹೆಣೆಯುತ್ತಿದ್ದರು. ನಾನು ನಿಂತು ನೋಡಿದ್ದಕ್ಕೆ ಬೇಸರ ಮಾಡದೆ ನಿಧಾನಕ್ಕೆ ಎರಡು ಕಣ್ಣು ಹೆಣೆದು ತೋರಿಸಿದರು. ಬೊಂಡ ಕುಡಿದೆವು. ಗರುಡ ತಲೆ ಮೇಲೆ ಸುತ್ತುತ್ತಿತ್ತು, ನಾನು ಎಣಿಸಿದ್ದು 14.

ತಣ್ಣೀರುಬಾವಿಯಿಂದ ದೋಣಿಯಲ್ಲಿ ಬತ್ತೇರಿಗೆ ಬಂದಾಗ ಹತ್ತೂವರೆ. ನೀರಿನಿಂದ ನೋಡಿದರೆ ಮಾತ್ರ ಆ ಕರಿಕಲ್ಲಿನ ಕಟ್ಟೆ ಅಲ್ಲಿ ಯಾಕಿದೆ ಅಂತ ಅರ್ಥ ಆಗುತ್ತದೆ. 1784ರಲ್ಲಿ ಟಿಪ್ಪು ಕಟ್ಟಿಸಿದ್ದು, ಗುರುಪುರ ಹೊಳೆಗೆ ಯುದ್ಧದ ಹಡಗು ನುಗ್ಗದ ಹಾಗೆ ಕಾವಲಿಗೆ. ಮೊದಲು ರಸ್ತೆಯಿಂದ ಬಂದು ನೋಡಿದಾಗ ಇಷ್ಟು ಸಣ್ಣದಾ ಅನಿಸಿತ್ತು. ದೋಣಿಯಲ್ಲಿ ಕೂತು ತಲೆ ಎತ್ತಿ ನೋಡಿದರೆ ಆ ಗೋಡೆಯ ಕಿಂಡಿಗಳೆಲ್ಲ ನಮ್ಮನ್ನೇ ನೋಡುತ್ತವೆ.

ಒಟ್ಟು ನಡೆದದ್ದು ಮೊಬೈಲಿನಲ್ಲಿ 9 ಕಿಲೋಮೀಟರಿನ ಹತ್ತಿರ ತೋರಿಸಿತು, ಓಣಿ ಹುಡುಕಿ ತಿರುಗಿದ್ದೂ ಸೇರಿ. ಒಬ್ಬಳೇ ಹೋಗಬಹುದಾ ಅಂತ ಕೇಳಿದ್ದೆನಲ್ಲ, ಬೆಳಿಗ್ಗೆ ಹೊತ್ತಿನಲ್ಲಿ ಜನ ಇರುವ ಕಡೆಯೆಲ್ಲ ಏನೂ ತೊಂದರೆ ಅನಿಸಲಿಲ್ಲ. ಬೋಳಾರದ ಆಚೆ ಒಂದೆರಡು ಓಣಿ ಮಾತ್ರ ತೀರಾ ನಿರ್ಜನ, ಅಲ್ಲಿಗೆ ನಾನು ಒಬ್ಬಳೇ ಇಳಿಯುವುದಿಲ್ಲ.

ಬೋಳಾರದ ಹಳಬ

ತಂಗಿ, ಆ ಚೂರನ್ನು ಅಲ್ಲೇ ಇಟ್ಟಿರಲ್ಲ. ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಅಪ್ಪ ಇದ್ದಿದ್ದರೆ ಅಕ್ಷರದ ಆಕಾರ ನೋಡಿಯೇ ಯಾವ ಕಾರ್ಖಾನೆಯ ಅಚ್ಚು ಅಂತ ಹೇಳುತ್ತಿದ್ದರು.

ಬೆಂಗ್ರೆ ಕಡವು

ಅಕ್ಕ, ಬಲೆ ಹೆಣೆಯುವುದು ತೋರಿಸಿದವರು ಯಾರು ಅಂತ ಗೊತ್ತಾಯಿತು. ನಿನ್ನೆ ಸಂಜೆ ಅವರೇ ಹೇಳುತ್ತಿದ್ದರು, ಘಟ್ಟದ ಕಡೆಯ ಒಬ್ಬಳು ಹುಡುಗಿ ಬಂದು ಬಲೆ ನೋಡಿ ಹೋದಳು ಅಂತ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಬೋಟುಗಳಿಗೆ ರಜೆ. ಆಗ ಧಕ್ಕೆಯಲ್ಲಿ ಬೋಟುಗಳು ಒಂದಕ್ಕೊಂದು ತಾಗಿ ನಿಂತಿರುತ್ತವೆ, ಒಂದರಿಂದ ಒಂದಕ್ಕೆ ಕಾಲಿಟ್ಟು ಹೊಳೆಯ ಅರ್ಧಕ್ಕೆ ಹೋಗಬಹುದು ಅನ್ನುವಷ್ಟು. ಆಗ ಒಮ್ಮೆ ಬಂದರಿನವರೆಗೆ ಬಂದು ನೋಡಿ, ಹೊಳೆ ಕೆಂಪಗಿರುತ್ತದೆ. ದೋಣಿ ಹತ್ತಲು ಮಾತ್ರ ಮಳೆ ಬಿಡಲಿ.

ಮಾರ್ಗನ್ಸ್‌ಗೇಟ್ ನಿವಾಸಿ

ಕಾಂಡ್ಲ ಗಿಡದವರೇ, ಒಂದು ಕೆಲಸ ಮಾಡೋಣವಾ? ಬರುವ ತಿಂಗಳು ಒಂದು ಭಾನುವಾರ ಇಳಿತ ನೋಡಿಕೊಂಡು ನಮ್ಮ ರಸ್ತೆಯ ಮಕ್ಕಳನ್ನು ಕರೆದುಕೊಂಡು ಬರುತ್ತೇನೆ. ನೀವು ಆ ಉಸಿರಾಡುವ ಬೇರು, ಕೈ ಆಡಿಸುವ ಏಡಿ ತೋರಿಸಿ. ಹತ್ತು ಹನ್ನೆರಡು ಮಕ್ಕಳು ಆಗಬಹುದು.

ಕಾಂಡ್ಲ ಗಿಡ

ಖಂಡಿತ ಬರುತ್ತೇನೆ. ಮಕ್ಕಳಿಗೆ ಹಳೆ ಚಪ್ಪಲಿ ಹಾಕಿಕೊಂಡು ಬರಲು ಹೇಳಿ, ಕೆಸರಿನಲ್ಲಿ ಒಡೆದ ಗಾಜು ಇರುತ್ತದೆ. ಮತ್ತೆ ಪ್ಲಾಸ್ಟಿಕ್ ಬಾಟಲಿ ಬೇಡ, ಸ್ಟೀಲ್ ಬಾಟಲಿ ತರಲಿ.

ಕೈಕೋಲು ಅಮ್ಮನ ಮಗಳು

ಹೊಸಬಳು ಅಂತ ಹೆಸರಿಟ್ಟುಕೊಂಡ ನನ್ನ ತಂಗೀ, ನಿನ್ನ ಬರಹವನ್ನು ಅಮ್ಮನಿಗೆ ಪೂರ್ತಿ ಓದಿ ಹೇಳಿದೆ. 60 ಹೆಜ್ಜೆ ಅನ್ನುವಲ್ಲಿ ನಿಲ್ಲಿಸಿ ಇನ್ನೊಮ್ಮೆ ಓದು ಅಂದರು. ಹೊಯ್ಗೆ ಬಜಾರಿನಲ್ಲಿ ಅವರ ಮನೆಯ ಹಿಂದೆಯೇ ಹೊಳೆಗೆ ಇಳಿಯುವ ಕಲ್ಲಿನ ಮೆಟ್ಟಿಲು ಇತ್ತಂತೆ, ಅಲ್ಲಿ ಕೂತು ಮರುವಾಯಿ ಚಿಪ್ಪು ತೊಳೆಯುತ್ತಿದ್ದರಂತೆ, ಇದನ್ನೆಲ್ಲ ನನಗೆ ಮೊದಲ ಸಲ ಹೇಳಿದರು. ನಾಳೆ ಬೆಳಿಗ್ಗೆ 6:30ಕ್ಕೆ ರಿಕ್ಷಾ ಹೇಳಿದ್ದೇನೆ. ರಬ್ಬರ್ ತಳದ ಚಪ್ಪಲಿ ಇವತ್ತು ಸಂಜೆಯೇ ಬಾಗಿಲ ಹತ್ತಿರ ಇಟ್ಟಿದ್ದಾರೆ. ನಾಳೆ ನೀರು ಏರುವ ಹೊತ್ತಾ, ಇಳಿಯುವ ಹೊತ್ತಾ, ಬೆಂಗ್ರೆಯ ತಮ್ಮ ಒಮ್ಮೆ ಹೇಳುತ್ತೀಯಾ? ಅಮ್ಮ ಕೇಳುತ್ತಿದ್ದಾರೆ.

ಬೆಂಗ್ರೆ ಕಡವು

ಅಕ್ಕ, ನಾಳೆ ಆರೂವರೆಗೆ ನೀರು ಇನ್ನೂ ಇಳಿಯುತ್ತಾ ಇರುತ್ತದೆ. ಅಮ್ಮ ಕೂತಿರುವಾಗಲೇ ನೀರು ಹಿಂದೆ ಸರಿಯುವುದು ಕಾಣುತ್ತದೆ. ಏಳೂವರೆವರೆಗೆ ಇರಿ.